ಹೊರಗಿಂದ ತಂದ ಹಸುವಿಗೆ 30 ದಿನ ಬೇರೆ ಕೊಟ್ಟಿಗೆ

ಹೊರ ಜಿಲ್ಲೆಯಿಂದ ತಂದ ರಾಸನ್ನು ನಾನು ಅಂದೇ ಮನೆ ದನಗಳ ಸಾಲಿಗೆ ಕಟ್ಟುವುದಿಲ್ಲ. ವಿದೇಶದಿಂದ ಬರುವ ಜಾನುವಾರಿಗೆ 1898ರ ಆಮದು ಕಾಯ್ದೆ ಇದೆ; ಕ್ವಾರಂಟೈನ್ ಕೇಂದ್ರದಲ್ಲಿ ಬೇರೆ ಇಟ್ಟು, ಪರೀಕ್ಷೆಯಾದ ಮೇಲೇ ಬಿಡುತ್ತಾರೆ. ಲಾರಿಯಲ್ಲಿ ಚನ್ನರಾಯಪಟ್ಟಣಕ್ಕೆ ಬಂದಿಳಿಯುವ ಹಸುವಿಗೆ ಅಂಥ ತಡೆ ಇಲ್ಲ. ಆ ಕೆಲಸ ನಮ್ಮ ಹಿತ್ತಲಲ್ಲೇ ಆಗಬೇಕು.

ಮೊದಲು ಕಿವಿಯೋಲೆ, ಅಂದರೆ ಹಸುವಿನ ಕಿವಿಗೆ ಹಾಕಿದ ಗುರುತಿನ ನಂಬರಿನ ಬಿಲ್ಲೆ. ಅದರ 12 ಅಂಕಿಯನ್ನು ಲಸಿಕೆ ಕಾರ್ಡು ಮತ್ತು ಪಶುವೈದ್ಯರ ಪತ್ರದ ಜೊತೆ ಒಂದೊಂದಾಗಿ ಓದಿ ತಾಳೆ ನೋಡುತ್ತೇನೆ. ಓಲೆ ಕಿತ್ತು ಕಿವಿ ಹರಿದಿದ್ದರೆ ಆ ಹಸು ಬೇಡ. ಕಾಲುಬಾಯಿ ಲಸಿಕೆಯ ತಾರೀಖು ಮುಖ್ಯ. ಸಾಗಿಸುವ ಹಿಂದಿನ ದಿನ ಚುಚ್ಚಿಸಿದ ಲಸಿಕೆ ಕಾಗದದಲ್ಲಷ್ಟೇ ಇರುತ್ತದೆ. ಮೈಯಲ್ಲಿ ತಡೆಶಕ್ತಿ ಬರಲು ಎರಡು-ಮೂರು ವಾರ ಬೇಕು. 1978ರ ಸಾಗಣೆ ನಿಯಮದ ಪ್ರಕಾರ ಒಂದು ಲಾರಿಗೆ ಆರಕ್ಕಿಂತ ಹೆಚ್ಚು ದನ ಹಾಕುವಂತಿಲ್ಲ, ಜಾರದಂತೆ ನೆಲಕ್ಕೆ ತೆಂಗಿನ ನಾರಿನ ಚಾಪೆಯನ್ನೋ ಮರದ ಹಲಗೆಯನ್ನೋ ಹಾಸಬೇಕು.

ಬೇರೆ ಕೊಟ್ಟಿಗೆಯ ಗೋದಲಿ, ನೀರಿನ ತೊಟ್ಟಿ, ಬಕೆಟ್, ಹಗ್ಗ ಎಲ್ಲ ಬೇರೆಯೇ. ಹಾಲು ಕರೆಯುವುದು ಕೊನೆಗೆ, ಕರೆದ ಮೇಲೆ ಮನೆ ದನದ ಹತ್ತಿರ ಹೋಗುವುದಿಲ್ಲ. ಬಾಗಿಲಲ್ಲಿ ಕಾಲು ಅದ್ದುವ ತೊಟ್ಟಿಗೆ 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡ, ದಿನಾ ಹೊಸದು. ಸಗಣಿ ಮೆತ್ತಿದ ಬೂಟನ್ನು ಹಾಗೇ ಅದ್ದಿದರೆ ಸೋಡ ಕೆಲಸ ಮಾಡದು. ಮೊದಲು ಬ್ರಷ್ಷಿನಿಂದ ತಿಕ್ಕಬೇಕು. ಇದನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಕಾಲುಬಾಯಿ ಜ್ವರ ಸೋಂಕಿದ 2ರಿಂದ 14 ದಿನದೊಳಗೆ ಕಾಣಿಸುತ್ತದೆ. ಆ ಎರಡು ವಾರ ಬೆಳಗ್ಗೆ-ಸಂಜೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡುತ್ತೇನೆ. 103 ದಾಟಿದರೆ, ಜೊಲ್ಲು ನೂಲಿನಂತೆ ಇಳಿದರೆ, ಚಪಚಪ ಸದ್ದು ಬಂದರೆ ಕೂಡಲೇ ಡಾಕ್ಟರಿಗೆ ಫೋನು. ಚರ್ಮಗಂಟು ರೋಗ 28 ದಿನದವರೆಗೂ ಹೊರಗೆ ಕಾಣದೆ ಇರಬಹುದು, ಅದಕ್ಕೇ 30 ದಿನ. ಅದನ್ನು ಹರಡುವುದು ನೊಣ, ಸೊಳ್ಳೆ, ಉಣ್ಣೆ. ಅಡ್ಡಗೋಡೆ ಸಾಲದು, ಸೊಳ್ಳೆಪರದೆ ಬೇಕು, ಸಗಣಿ ದಿನವೂ ದೂರ ಹೋಗಬೇಕು.

ರಕ್ತದ ಮಾದರಿ ಕಳಿಸಿ ಕಂದುರೋಗದ (ಗಬ್ಬ ಉದುರಿಸುವ ಬ್ರೂಸೆಲ್ಲೋಸಿಸ್) ಪರೀಕ್ಷೆ ಮಾಡಿಸುತ್ತೇನೆ. ಗಬ್ಬದ ಹಸು ಅಥವಾ ಈಚೆಗೆ ಕರು ಹಾಕಿದ ಹಸುವಾದರೆ ಒಂದು ಸಲ ನೆಗೆಟಿವ್ ಬಂದದ್ದನ್ನು ನಂಬುವಂತಿಲ್ಲ. ಕರು ಹಾಕಿ ಮೂರು ವಾರದ ಮೇಲೆ ಮತ್ತೊಮ್ಮೆ ಮಾಡಿಸಬೇಕು. ಅಷ್ಟರಲ್ಲಿ ಬಿದ್ದ ಮಾಸನ್ನು ಬರಿಗೈಯಲ್ಲಿ ಮುಟ್ಟದೆ, ಸುಣ್ಣ ಹಾಕಿ ನಾಯಿ ಕೆದಕದಷ್ಟು ಆಳಕ್ಕೆ ಹೂಳುತ್ತೇನೆ. ಈ ರೋಗ ಮನುಷ್ಯರಿಗೂ ತಗಲುತ್ತದೆ. ಎರಡನೇ ಫಲಿತಾಂಶ ಬರುವವರೆಗೆ ಅದರ ಹಾಲನ್ನು ಮನೆಯಲ್ಲಿ ಕಾಯಿಸದೆ ಯಾರಿಗೂ ಕೊಡುವುದಿಲ್ಲ.