ಕಾನಿನ ರಾಮಪತ್ರೆ: ಲೆಕ್ಕ ಇಡುವುದು ಹೇಗೆ?

ರಾಮಪತ್ರೆ ಜಾಯಿಕಾಯಿಯ ಕುಟುಂಬದ ಕಾಡುಮರ, ಅದರ ಬೀಜದ ಮೇಲಿನ ಹೊದಿಕೆಯೇ ಪತ್ರೆ. ಪತ್ರೆಗೆ ಬೆಲೆ ಬಂದ ವರ್ಷ ರಾಮಪತ್ರೆ ಕಾಯಿ ಮರದಲ್ಲಿ ಹಣ್ಣಾಗುವುದಿಲ್ಲ. ಎಳೆಯದನ್ನೇ ಕೊಂಬೆ ಸಮೇತ ಇಳಿಸುತ್ತಾರೆ. ಬೀಜ ಅದನ್ನು ಹರಡುವ ಮಂಗಟ್ಟೆ ಹಕ್ಕಿಗೂ ಸಿಗದು, ನೆಲಕ್ಕೂ ಬೀಳದು. ದೊಡ್ಡ ಮರಗಳು ನಿಂತೇ ಇರುವುದರಿಂದ ಕಾನು, ಅಂದರೆ ಮಲೆನಾಡಿನ ನಿತ್ಯಹಸಿರು ಕಾಡು, ಸೊಂಪಾಗಿಯೇ ಕಾಣುತ್ತದೆ. ಕೆಳಗೆ ಸಸಿ ಇಲ್ಲ ಎಂಬುದು ಎಣಿಸಿದಾಗಲೇ ಗೊತ್ತಾಗುವುದು.

ಮೊದಲು ಕಾಗದದ ಕೆಲಸ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಮಿನಂತೆ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಸಭೆಯನ್ನೇ ಕಾಣದ ಸಮಿತಿಗಳೂ ಇವೆ. ಆದ್ದರಿಂದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಎಣಿಕೆಯನ್ನು ಊರಿನ ಜೀವಸಂಪತ್ತನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಗೆ ಸೇರಿಸುವ ಠರಾವು ಮಾಡಿಸಿ. ಜಾಗ ಅರಣ್ಯ ಇಲಾಖೆಯದಾದರೆ ವಲಯ ಅರಣ್ಯಾಧಿಕಾರಿಯ ಲಿಖಿತ ಒಪ್ಪಿಗೆ ಬೇಕು. ಶರಾವತಿ ಕಣಿವೆಯಂಥ ಅಭಯಾರಣ್ಯವಾದರೆ ಅನುಮತಿ ಇನ್ನೂ ಮೇಲಿನಿಂದ ಬರಬೇಕು.

ಗುರುತು ತಪ್ಪುವುದು ಇಲ್ಲೇ: ತೊಗಟೆ ಕೆತ್ತಿದರೆ ಕೆಂಪು ರಸ ಬಂತೆಂದು ರಾಮಪತ್ರೆ ಎನ್ನುವಂತಿಲ್ಲ, ಆ ಕುಟುಂಬದ ಮರಗಳೆಲ್ಲ ಹಾಗೆಯೇ. ನೀರು ನಿಲ್ಲುವ ಜಡ್ಡಿಯಲ್ಲಿ ಮಂಡಿಯಂತೆ ಬಾಗಿದ ಬೇರು ಕಂಡರೆ ಅದು ಬೇರೆ ಜಾತಿ. ರಾಮಪತ್ರೆಯ ಕಾಯಿ ಮೇಲೆ ಕಂದು ನವಿರು, ಒಳಗೆ ಎಳೆ ಎಳೆಯಾಗಿ ಸೀಳಿದ ಪತ್ರೆ.

ಇನ್ನು ಅಳತೆ. 20 ಮೀಟರ್ ಚೌಕಕ್ಕೆ 80 ಮೀಟರ್ ಹಗ್ಗ ಸಾಕು. ಮೂಲೆಯಿಂದ ಮೂಲೆಗೆ 28.3 ಮೀಟರ್ ಬರದಿದ್ದರೆ ಚೌಕ ಓರೆಯಾಗಿದೆ ಎಂದರ್ಥ. ಇಳಿಜಾರಿನಲ್ಲಿ ಹಗ್ಗವನ್ನು ನೆಲಕ್ಕೆ ಒತ್ತಿ ಎಳೆಯಬೇಡಿ, ಮಟ್ಟವಾಗಿ ಹಿಡಿಯಿರಿ. ಇಲ್ಲದಿದ್ದರೆ ಚೌಕ ಕಿರಿದಾಗುತ್ತದೆ. 180 ಮೀಟರ್ ಗೆರೆಯ ಎಡಕ್ಕೊಂದು ಬಲಕ್ಕೊಂದು, 20 ಮೀಟರ್ ಅಂತರದಲ್ಲಿ, ಇಂಥ ಐದು ಚೌಕ ಹಾಕಿ.

ಸುತ್ತಳತೆ 30 ಸೆಂಟಿಮೀಟರ್‌ಗಿಂತ ಹೆಚ್ಚಿರುವ ಮರಗಳನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಇಳಿಜಾರಿದ್ದರೆ ಮೇಲ್ಬದಿಯಿಂದ ಅಳೆಯಬೇಕು. ಅಲ್ಲೇ ಬಣ್ಣದ ಗೆರೆ ಎಳೆಯಿರಿ. ಮುಂದಿನ ವರ್ಷ ಟೇಪು ನಾಲ್ಕು ಬೆರಳು ಜಾರಿದರೂ ಮರ ಬೆಳೆದಂತೆಯೋ ಬಡವಾದಂತೆಯೋ ಕಾಣುತ್ತದೆ. ಮರದ ಗುರುತಿಗೆ ಹೊಡೆಯುವ ಅಲ್ಯೂಮಿನಿಯಂ ಬಿಲ್ಲೆಯ ಮೊಳೆ ಎರಡು ಇಂಚು ಹೊರಗಿರಲಿ, ಇಲ್ಲದಿದ್ದರೆ ಮರ ಅದನ್ನು ನುಂಗುತ್ತದೆ. ತಂತಿ ಸುತ್ತಿ ಕಟ್ಟಲೇಬೇಡಿ.

ರಾಮಪತ್ರೆಯಲ್ಲಿ ಗಂಡು ಹೆಣ್ಣು ಮರ ಬೇರೆ ಬೇರೆ. ಕಾಯಿ ಬಿಟ್ಟದ್ದನ್ನೇ ಎಣಿಸಿದರೆ ಗಂಡು ಮರ ಲೆಕ್ಕಕ್ಕೇ ಬರುವುದಿಲ್ಲ. ಅದನ್ನು ಬಂಜೆ ಎಂದು ಕಡಿದರೆ ಸುತ್ತಲಿನ ಹೆಣ್ಣು ಮರಗಳಿಗೂ ಕಾಯಿ ಕಟ್ಟುವುದಿಲ್ಲ. ಹೂ ಇರುವಾಗಲೇ ಹೋಗಿ ಗಂ, ಹೆ ಎಂದು ಬರೆದುಕೊಳ್ಳಿ. ತಿಳಿಯದ್ದಕ್ಕೆ ಪ್ರಶ್ನೆ ಚಿಹ್ನೆ ಹಾಕಿ, ಊಹಿಸಬೇಡಿ.

ಒಂದು ಮೀಟರ್‌ಗಿಂತ ಕಿರಿಯ ಸಸಿ, ಅದಕ್ಕಿಂತ ಎತ್ತರದ ಸಸಿ ಎಂದು ಎರಡು ಕಾಲಂ ಮಾಡಿ. ಮೊದಲನೆಯದು ತುಂಬಿ ಎರಡನೆಯದು ಖಾಲಿ ಇದ್ದರೆ ಬೀಜ ಹುಟ್ಟುತ್ತಿದೆ, ದನವೋ ಬೆಂಕಿಯೋ ದರಗು (ಒಣ ಎಲೆ) ಗುಡಿಸುವವರೋ ಸಸಿಯನ್ನು ಬೆಳೆಯಗೊಡುತ್ತಿಲ್ಲ. ಎರಡೂ ಖಾಲಿಯೆಂದರೆ ಕೊಯ್ಲಿನ ಮೇಲೆ ಕಣ್ಣಿಡಿ. ನರ್ಸರಿಗೆ ಬೀಜ ತಂದರೆ ಒಣಗಿಸಿಡಬೇಡಿ. ಒಣಗಿದ್ದು ಹುಟ್ಟುವುದಿಲ್ಲ, ಹಸಿಯಾಗಿಯೇ ಬಿತ್ತಬೇಕು.

ಪ್ರತಿವರ್ಷ ಅದೇ ತಿಂಗಳು ಎಣಿಸಿ, ಇಂಬಳದ (ಜಿಗಣೆಯ) ಕಾಟ ಶುರುವಾಗುವ ಮೊದಲು. ಒಂದು ಪ್ರತಿ ಸಮಿತಿಗೆ, ಒಂದು ವಲಯ ಕಚೇರಿಗೆ. ಮರಗಳ ಜಿಪಿಎಸ್ ಅಂಕಿಗಳನ್ನು ವಾಟ್ಸಾಪ್ ಗುಂಪಿಗೆ ಹಾಕುವುದು ಕದಿಯುವವರಿಗೆ ದಾರಿ ತೋರಿಸಿದಂತೆ. ಶಿವಮೊಗ್ಗ ಜಿಲ್ಲೆಯ ಅಂಬರಗುಡ್ಡದಂತೆ ನಿಮ್ಮ ಕಾನನ್ನೂ ಅದೇ ಕಾಯ್ದೆಯ 37ನೇ ಕಲಮಿನಡಿ ಜೀವವೈವಿಧ್ಯ ಪಾರಂಪರಿಕ ತಾಣವಾಗಿಸಲು ಪ್ರಸ್ತಾವ ಕಳಿಸುವುದಾದರೆ, ಠರಾವಿನ ಜೊತೆ ಈ ಎಣಿಕೆ ಪುಸ್ತಕದ ನಕಲನ್ನೂ ಲಗತ್ತಿಸಿ.