ಹಳೆ ಎಂಎಕ್ಸ್-5 ಕೊಳ್ಳುವ ಮುಂಚೆ ಸಿಲ್ ನೋಡಿ

ಇಂಗ್ಲೆಂಡಿನಲ್ಲಿರುವ ಗೆಳೆಯರೇ, ಟ್ರ್ಯಾಕ್ ಡೇಗೆ, ಅಂದರೆ ನಮ್ಮ ಕಾರನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ ಅಂತ ಹಳೆ ಸ್ಪೋರ್ಟ್ಸ್ ಕಾರು ಹುಡುಕುತ್ತಿದ್ದರೆ, ನನ್ನ ಓಟು ಮಜ್ದಾ ಎಂಎಕ್ಸ್-5ರ ಮೊದಲ ಮಾಡೆಲ್‌ಗೆ. 1989ರಲ್ಲಿ ಬಂದ ಕಾರು. ತೂಕ ಒಂದು ಟನ್ನಿನ ಆಸುಪಾಸು, ಓಡಿಸುವುದು ಹಿಂದಿನ ಚಕ್ರ. ಹಗುರವಾಗಿರುವುದರಿಂದ ಟೈರು, ಬ್ರೇಕಿನ ಖರ್ಚೂ ಕಡಿಮೆ.

ಎಂಜಿನ್ ಗಟ್ಟಿ. ಇದರ ದೊಡ್ಡ ಶತ್ರು ತುಕ್ಕು. ಬಾಗಿಲ ಕೆಳಗೆ ಸಿಲ್ ಇದೆಯಲ್ಲ, ಅದರಲ್ಲೂ ಹಿಂದಿನ ಚಕ್ರದ ಹತ್ತಿರದ ಭಾಗ, ಅಲ್ಲಿ ಚೆನ್ನಾಗಿ ನೋಡಿ. ಮಡಚುವ ಟಾಪಿನ ನೀರು ಇಳಿಯುವ ದಾರಿ ಕಸದಿಂದ ಕಟ್ಟಿಕೊಂಡರೆ ಸಿಲ್ ಒಳಗಿನಿಂದಲೇ ಕೊಳೆಯುತ್ತದೆ. ಹೊಸ ಪೇಂಟ್ ಹೊಳೆಯುತ್ತಿದೆ ಅಂತ ನಂಬಬೇಡಿ. ಪುಟ್ಟ ಮ್ಯಾಗ್ನೆಟ್ ಇಟ್ಟು ನೋಡಿ. ಅಂಟದಿದ್ದರೆ ಅಲ್ಲಿ ತೂತು ಮುಚ್ಚುವ ಪೇಸ್ಟು, ಅಂದರೆ ಫಿಲ್ಲರ್ ಮೆತ್ತಿದ್ದಾರೆ ಅಂತ ಅರ್ಥ.

ಕಾರು ನೋಡಲು ಹೊರಡುವ ಮುಂಚೆಯೇ ಸರ್ಕಾರದ ವೆಬ್‌ಸೈಟಿನಲ್ಲಿ ಕಾರಿನ ನಂಬರ್ ಹಾಕಿ ಎಂಒಟಿ (ಕಾರು ರಸ್ತೆಗೆ ಯೋಗ್ಯವೇ ಅಂತ ವರ್ಷಕ್ಕೊಮ್ಮೆ ಮಾಡುವ ಪರೀಕ್ಷೆ) ಇತಿಹಾಸ ಓದಿ, ದುಡ್ಡು ಕೊಡಬೇಕಿಲ್ಲ. ವರ್ಷ ವರ್ಷವೂ ತುಕ್ಕಿನ ಮಾತೇ ಬಂದಿದ್ದರೆ ಆ ಕಾರು ಬಿಟ್ಟುಬಿಡಿ. ವೆಲ್ಡಿಂಗ್ ಖರ್ಚು ಕಾರಿನ ಬೆಲೆಯನ್ನೇ ನುಂಗಬಹುದು.

ಕೊಂಡ ತಕ್ಷಣ ಎಂಜಿನ್ ಶಕ್ತಿ ಹೆಚ್ಚಿಸುವ ಟರ್ಬೋ ಹಾಕಿಸುವ ಆಸೆ ಬೇಡ. ಮೊದಲು ಬ್ರೇಕ್ ಆಯಿಲ್ ಬದಲಿಸಿ, ದಯವಿಟ್ಟು. ಹಳೆಯದು ಗಾಳಿಯ ತೇವ ಹೀರಿರುತ್ತದೆ. ಟ್ರ್ಯಾಕಿನ ಬಿಸಿಗೆ ಕುದ್ದರೆ ಪೆಡಲ್ ಸುಮ್ನೆ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಆಮೇಲೆ ಒಳ್ಳೆ ಬ್ರೇಕ್ ಪ್ಯಾಡ್, ಟೈರು, ರೇಡಿಯೇಟರ್ ಪೈಪು.

ಹಾಂ, ರಸ್ತೆಯ ಇನ್ಶೂರೆನ್ಸ್ ಸಾಮಾನ್ಯವಾಗಿ ಟ್ರ್ಯಾಕಿಗೆ ನಡೆಯುವುದಿಲ್ಲ, ಬೇರೆ ಮಾಡಿಸಬೇಕು. ಜೋರು ಸದ್ದಿನ ಸೈಲೆನ್ಸರ್ ಹಾಕಿಸುವ ಮುಂಚೆ ನಿಮ್ಮ ಟ್ರ್ಯಾಕಿನ ಡೆಸಿಬೆಲ್ ಮಿತಿ ಎಷ್ಟು ಅಂತ ಕೇಳಿಕೊಳ್ಳಿ.