ನನ್ನನ್ನು ನಾನು ಬಹುವಚನದಲ್ಲಿ ಮಾತನಾಡಿಸಿದ ಮೇಲೆ

ನಾನು ಕುಡಿತ ಬಿಟ್ಟು ಈಗ 4 ವರ್ಷಗಳ ಮೇಲಾಗಿದೆ. ಅದಕ್ಕೂ ಮೊದಲು, ನೆನಪಿನಿಂದ ಹೇಳುವುದಾದರೆ, 6 ವರ್ಷಗಳಲ್ಲಿ 11 ಬಾರಿ ಬಿಟ್ಟಿದ್ದೆ. ತನ್ನ ಮೇಲೆ ತಾನೇ ಕರುಣೆ ತೋರಿಸಿಕೊಂಡವನು ವರ್ಷ ತುಂಬುವುದರೊಳಗೆ ಮತ್ತೆ ಬಾಟಲಿ ಹಿಡಿಯುತ್ತಾನೆ ಎಂದು ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ನಮ್ಮ ಸಭೆಯ ಹಿರಿಯರೊಬ್ಬರು ನನ್ನೆದುರೇ ಹೇಳಿದ್ದರು. ಅವರ ಮಾತು ಸುಳ್ಳಾದುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲು ನಾನು ಶಿಕ್ಷೆಯನ್ನೇ ನಂಬಿದ್ದೆ. ಮೂರನೆಯ ಬಾರಿ ಬಿಡುವಾಗ, ಮಾತ್ರೆಯ ನೆರವಿಲ್ಲದೆ ನರಳುವುದೇ ನನಗೆ ತಕ್ಕದ್ದೆಂದು ತೀರ್ಮಾನಿಸಿ, ವೈದ್ಯರಿಗೂ ತಿಳಿಸದೆ ಕೋಣೆಯ ಬಾಗಿಲು ಹಾಕಿಕೊಂಡೆ. ಮೂರನೆಯ ರಾತ್ರಿ ಗೋಡೆಯ ಮೇಲೆ ಇಲ್ಲದ ಹುಳುಗಳು ಹರಿದಾಡತೊಡಗಿದವು, ಕೈನಡುಕ ಮೈಯೆಲ್ಲ ವ್ಯಾಪಿಸಿತು, ಬೆಳಗಾಗುವಷ್ಟರಲ್ಲಿ ನನ್ನನ್ನು ಆಸ್ಪತ್ರೆಗೆ ಸೇರಿಸಿದ್ದರು. ದಿನವೂ ಕುಡಿಯುತ್ತಿದ್ದವರು ಥಟ್ಟನೆ ನಿಲ್ಲಿಸಿದರೆ ಎರಡರಿಂದ ನಾಲ್ಕನೆಯ ದಿನದೊಳಗೆ ಜೀವಕ್ಕೇ ಅಪಾಯವಾಗಬಹುದೆಂಬುದು ನಿಮಗೆಲ್ಲ ತಿಳಿದದ್ದೇ. ನನಗೂ ತಿಳಿದಿತ್ತು, ತಿಳಿದೇ ಮಾಡಿದ್ದೆ. ಆ ಹಟಕ್ಕೆ ಸುಮಾರು ಎರಡು ತಿಂಗಳ ಸಂಬಳ ಕರಗಿತು.

ಆಮೇಲೆ ಹಳೆಯ ಟಿಪ್ಪಣಿಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದಾಗ ಒಂದು ಸಂಗತಿ ಹೊಳೆಯಿತು. ನಾನು ಮತ್ತೆ ಕುಡಿತಕ್ಕೆ ಜಾರುತ್ತಿದ್ದುದು ಒಂದೇ ಸಂಜೆಯಾದರೂ ಕುಡಿತ 9–10 ದಿನ ಮುಂದುವರಿಯುತ್ತಿತ್ತು. ಮೊದಲ ದಿನ ಕುಡಿಸಿದ್ದು ಚಟ. ಉಳಿದ ದಿನಗಳಲ್ಲಿ ಕುಡಿಸಿದ್ದು, ಹೇಗೂ ಎಲ್ಲ ಹಾಳಾಯಿತಲ್ಲ ಎಂಬ ನಾಚಿಕೆ. ಮನೋವಿಜ್ಞಾನಿ ಆಲನ್ ಮಾರ್ಲಟ್ ಇದನ್ನು 1980ರ ದಶಕದಲ್ಲೇ ವಿವರಿಸಿದ್ದರೆಂದು ಆಪ್ತಸಮಾಲೋಚಕರು ಹೇಳಿದರು. ನನಗೆ ಬೇಕಾಗಿದ್ದುದು ವಿವರಣೆಯಲ್ಲ, ಎರಡನೆಯ ದಿನದ ಬೆಳಿಗ್ಗೆ ಮಾಡಬಹುದಾದ ಕೆಲಸ.

ಕನ್ನಡಿಯೆದುರು ನಿಂತು ನನ್ನನ್ನು ನಾನೇ ಹೊಗಳಿಕೊಳ್ಳುವ ಪ್ರಯೋಗ ಒಂದು ವಾರಕ್ಕೇ ಮುಗಿಯಿತು, ಏಕೆಂದರೆ ಸುಳ್ಳು ಹೇಳುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಆರೈಕೆಯ ಹೆಸರಿನಲ್ಲಿ ಹಣ ಸುರಿದದ್ದು ಅದಕ್ಕಿಂತ ದೊಡ್ಡ ಸೋಲು. ವರ್ಷದ ಶುಲ್ಕ ಕಟ್ಟಿದ ಜಿಮ್ಮಿಗೆ 9 ದಿನ ಹೋದೆ; ದುಬಾರಿ ಬೂಟು, ಮಸಾಜು, ಬೇಕಿಲ್ಲದ ಉಪಕರಣಗಳು ಎಲ್ಲ ಸೇರಿ ಮೊದಲ 5 ತಿಂಗಳಲ್ಲಿ ಕುಡಿತಕ್ಕಿಂತ ಹೆಚ್ಚೇ ಖರ್ಚಾಯಿತು. ಕೊಳ್ಳುವುದೇ ಹೊಸ ಚಟವಾಗುತ್ತಿದೆಯೆಂದು ಗುರುತಿಸಿದವಳು ನನ್ನ ಹೆಂಡತಿ. ಅಂದಿನಿಂದ, ಕುಡಿತಕ್ಕೆ ಹೋಗುತ್ತಿದ್ದ ಮೊತ್ತವನ್ನು, ಅಂದರೆ ಸಂಬಳದ ಹೆಚ್ಚುಕಡಿಮೆ ಮೂರನೆಯ ಒಂದು ಪಾಲನ್ನು, ಸಂಬಳದ ದಿನವೇ ಬೇರೆ ತೆಗೆದಿಟ್ಟು, ಅರ್ಧವನ್ನು ಸಾಲಕ್ಕೂ ಕಾಲು ಭಾಗವನ್ನು ವರ್ಷಗಟ್ಟಲೆ ಅಲಕ್ಷಿಸಿದ್ದ ಹಲ್ಲು, ಕಣ್ಣು, ಯಕೃತ್ತಿನ ತಪಾಸಣೆಗೂ ಕೊಟ್ಟೆ. ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಕುಳಿತದ್ದಕ್ಕಿಂತ ದೊಡ್ಡ ಸ್ವಂತ ಆರೈಕೆಯನ್ನು ನಾನು ಮಾಡಿಕೊಂಡಿಲ್ಲ.

ಕೊನೆಗೆ ಫಲಿಸಿದ್ದು ಒಂದು ನೋಟ್‌ಪುಸ್ತಕ. ಜಾರಿದ ಮರುದಿನ ಮಧ್ಯಾಹ್ನದೊಳಗೆ ಒಬ್ಬರಿಗೆ ಫೋನ್ ಮಾಡಿ, ಏನಾದರೂ ತಿಂದು, ಸ್ನಾನ ಮುಗಿಸಿ, ನನಗೇ ಒಂದು ಪತ್ರ ಬರೆಯುತ್ತಿದ್ದೆ. ಮೊದಮೊದಲು ಅವು ಬರೀ ಬೈಗುಳವಾಗುತ್ತಿದ್ದವು. ಓದಿ ನೋಡಿದರೆ ಬೈಗುಳವೆಲ್ಲ ಏಕವಚನದಲ್ಲಿತ್ತು: ನೀನು ಹೀಗೆ, ನಿನ್ನ ಹಣೆಬರಹವೇ ಇಷ್ಟು. ಒಂದು ದಿನ ಪರೀಕ್ಷೆಗೆಂದು, ಸಭೆಗೆ ಹೊಸದಾಗಿ ಬಂದ ಅಪರಿಚಿತರಿಗೆ ಬರೆಯುವಂತೆ "ನೀವು" ಎಂದು ಆರಂಭಿಸಿದೆ. "ನೀವು ನಿನ್ನೆ ಮಧ್ಯಾಹ್ನ ಊಟ ಮಾಡಿರಲಿಲ್ಲ, ಮೂರು ದಿನಗಳಿಂದ ಯಾರೊಡನೆಯೂ ಮಾತನಾಡಿರಲಿಲ್ಲ" ಎಂದು ಬರೆದಾಗ ಹಸಿವು, ಸಿಟ್ಟು, ಒಂಟಿತನ, ದಣಿವು ಎಂಬ, ಕುಡಿತಕ್ಕೆ ದೂಡುತ್ತವೆಂದು ಸಭೆಯಲ್ಲಿ ಎಚ್ಚರಿಸುವ ನಮ್ಮ ಹಳೆಯ ನಾಲ್ಕು ಪದಗಳು ಮೊದಲ ಬಾರಿಗೆ ನನಗೇ ಅನ್ವಯಿಸಿದವು. ಬಹುವಚನದಲ್ಲಿ ಬೈಯುವುದು ಕಷ್ಟ, ಪ್ರಯತ್ನಿಸಿ ನೋಡಿ. ಪತ್ರದ ಮೊದಲ ವಾಕ್ಯ ಪ್ರತಿ ಬಾರಿಯೂ ಒಂದೇ ಆಗಿರುತ್ತಿತ್ತು. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮುಂದಿನ ಜಾರುವಿಕೆ 3 ದಿನಕ್ಕೆ ನಿಂತಿತು, ಅದರ ಮುಂದಿನದು ಒಂದೇ ಸಂಜೆಗೆ.

ಪಕ್ಕದ ಪ್ರಯೋಗಗಳೂ ನಡೆದವು. ತುಡಿತ ಬಂದಾಗಲೆಲ್ಲ ಗಡಿಯಾರ ನೋಡಿ ಬರೆದಿಟ್ಟೆ: ಬಹುತೇಕ 20 ನಿಮಿಷಕ್ಕೆ ಇಳಿಯುತ್ತಿತ್ತು, ಅತಿ ದೀರ್ಘವಾದದ್ದು 35 ನಿಮಿಷ. ಮುಖಕ್ಕೆ ತಣ್ಣೀರು ಎರಚಿಕೊಳ್ಳುವುದರಿಂದ ಏಳೆಂಟು ಬಾರಿ ಉಪಯೋಗವಾಯಿತು, ಉಳಿದಂತೆ ಮುಖ ಒದ್ದೆಯಾಯಿತಷ್ಟೇ. ಕನಸಿನಲ್ಲಿ ಕುಡಿದು ತಪ್ಪಿತಸ್ಥನಂತೆ ಎಚ್ಚರಗೊಂಡ ರಾತ್ರಿಗಳಿಗೂ ಪತ್ರ ಬರೆದೆ. ಕುಡಿಯದ ಒಟ್ಟು ದಿನಗಳನ್ನೂ ಬೇರೆಯಾಗಿ ಎಣಿಸುತ್ತಿದ್ದೆ. ಒಂದು ವರ್ಷ ಅದು 340ರ ಆಸುಪಾಸಿನಲ್ಲಿತ್ತು. ಜಾರಿದ ದಿನ ಎಣಿಕೆ ಸೊನ್ನೆಗೆ ಮರಳಬೇಕೆನ್ನುವ ನನ್ನ ಸ್ಪಾನ್ಸರ್, ಅಂದರೆ ಸಭೆಯಲ್ಲಿ ನನಗೆ ದಾರಿ ತೋರುವ ಹಳಬರು, ಇದನ್ನು ಕಳ್ಳಲೆಕ್ಕವೆಂದೇ ಕರೆದರು, ನಾನು ಬಿಡಲಿಲ್ಲ.

ಆದರೂ ಆ ಹಿರಿಯರ ಶಂಕೆಯಲ್ಲಿ ಸ್ವಲ್ಪ ಹುರುಳಿತ್ತು. "ನೀವು ದಣಿದಿದ್ದೀರಿ, ಇವತ್ತು ಸಭೆಗೆ ಹೋಗದಿದ್ದರೂ ನಡೆಯುತ್ತದೆ" ಎಂದು ಅದೇ ಮರ್ಯಾದೆಯ ದನಿ ಸತತ ಮೂರು ವಾರ ಹೇಳಿತು. ನಾಲ್ಕನೆಯ ವಾರ ನಾನು ಕುಡಿದೆ. ಅಲ್ಲಿಂದ ಮುಂದೆ ಪತ್ರವನ್ನು ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳದೆ ಮಡಚಿಡಬಾರದೆಂಬ ನಿಯಮ ಮಾಡಿಕೊಂಡೆ. ಅಣ್ಣನಿಗೆ ಕೊಡಬೇಕಿದ್ದ ಸಾಲದ ವಿಷಯದಲ್ಲಿ ಪತ್ರಕ್ಕೆ ಸಮಾಧಾನ ಹೇಳುವ ಅಧಿಕಾರವನ್ನೇ ಕೊಡಲಿಲ್ಲ; ಆ ಸಾಲವನ್ನು ಕಂತುಗಳಲ್ಲಿ ತೀರಿಸಿದೆ.

ಕಳೆದ ವರ್ಷ ಆ ಹಿರಿಯರೇ ನನ್ನ ನೋಟ್‌ಪುಸ್ತಕವನ್ನು ಕೇಳಿ ಪಡೆದು ಓದಿದರು. ಈಗ ಹೊಸಬರಿಗೆ ಬಹುವಚನದ ಉಪಾಯವನ್ನು ಅವರೇ ಹೇಳಿಕೊಡುತ್ತಾರೆ. ಅದು ತಮ್ಮದೇ ಎಂಬಂತೆ ಹೇಳುತ್ತಾರೆಂಬುದು ಬೇರೆ ಮಾತು.